ಗಾಜಿನ ಫಲಕಗಳಲ್ಲಿ ಉಳಿದ ಇರುಳ ಆಕಾಶ

ಇರುಳ ಆಕಾಶದ ಛಾಯಾಚಿತ್ರಗಳು ನೋಡುಗರನ್ನು ಸೆಳೆಯುವುದು ಸೊಬಗಿನಿಂದಾದರೂ, ಖಗೋಳವಿಜ್ಞಾನದ ಇತಿಹಾಸದಲ್ಲಿ ಅವುಗಳಿಗೆ ಹಿರಿಯ ಸ್ಥಾನ ದೊರೆತದ್ದು ಬೇರೆ ಎರಡು ಗುಣಗಳಿಂದ. ಕಣ್ಣು ಎಷ್ಟು ಹೊತ್ತು ದಿಟ್ಟಿಸಿದರೂ ಬೆಳಕನ್ನು ಕೂಡಿಡಲಾರದು, ಛಾಯಾಫಲಕವಾದರೋ ಗಂಟೆಗಟ್ಟಲೆ ಬೆಳಕನ್ನು ಹೀರಿಕೊಂಡು ಕಣ್ಣಿಗೆ ಕಾಣದ್ದನ್ನೂ ಮೂಡಿಸುತ್ತದೆ. ಜೊತೆಗೆ, ಒಬ್ಬರು ತೆಗೆದ ಚಿತ್ರವನ್ನು ಅವರ ಕಾಲದ ನಂತರವೂ ಮತ್ತೊಬ್ಬರು ಅಳೆದು, ಹೊಸ ಚಿತ್ರದೊಡನೆ ಹೋಲಿಸಬಹುದು. ಈ ಎರಡನೆಯ ಗುಣದ ನಿಜವಾದ ಬೆಲೆ ತಿಳಿಯಲು ಒಂದು ಶತಮಾನವೇ ಬೇಕಾಯಿತು.

1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಚಿತ್ರವನ್ನೂ, 1850ರಲ್ಲಿ ಹಾರ್ವರ್ಡ್ ವೀಕ್ಷಣಾಲಯದವರು ಅಭಿಜಿತ್ ನಕ್ಷತ್ರದ ಚಿತ್ರವನ್ನೂ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಪಡೆದಿದ್ದರು. ಮುಂದೆ ಬಳಕೆಗೆ ಬಂದ ಹಸಿ ಫಲಕಗಳು ಕೆಲವೇ ನಿಮಿಷಗಳಲ್ಲಿ ಒಣಗಿಹೋಗುತ್ತಿದ್ದುದರಿಂದ ಮಂದ ಕಾಯಗಳು ಅವುಗಳಲ್ಲಿ ಮೂಡುತ್ತಿರಲಿಲ್ಲ. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣವನ್ನು ಜೆಲಾಟಿನ್ ಪದರದಲ್ಲಿ ಹಿಡಿದಿಡುವ ಒಣ ಫಲಕದ ವಿಧಾನವನ್ನು 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಪ್ರಕಟಿಸಿದ ಬಳಿಕ ಈ ತೊಡಕು ನೀಗಿತು. 1880ರಲ್ಲಿ ಹೆನ್ರಿ ಡ್ರೇಪರ್ 51 ನಿಮಿಷ ಫಲಕವನ್ನು ತೆರೆದಿಟ್ಟು ಮಹಾವ್ಯಾಧ ನೀಹಾರಿಕೆಯ, ಎಂದರೆ ಅನಿಲ ಮತ್ತು ಧೂಳಿನ ಆ ವಿಶಾಲ ಮೋಡದ, ಮೊದಲ ಚಿತ್ರವನ್ನು ಪಡೆದರು; 1885ರಲ್ಲಿ ಪ್ಯಾರಿಸ್ಸಿನ ಆನ್ರಿ ಸಹೋದರರು ಕೃತ್ತಿಕಾ ಪುಂಜದ ಒಂದು ನಕ್ಷತ್ರದ ಸುತ್ತ, ಅಲ್ಲಿಯವರೆಗೆ ಯಾವ ವೀಕ್ಷಕರೂ ಗುರುತಿಸದಿದ್ದ ನೀಹಾರಿಕೆಯನ್ನು ಫಲಕದಲ್ಲಿ ಕಂಡರು.

1882ರ ಮಹಾ ಧೂಮಕೇತುವನ್ನು ಆಫ್ರಿಕದ ಕೇಪ್ ವೀಕ್ಷಣಾಲಯದಿಂದ ಚಿತ್ರಿಸಿದ ಡೇವಿಡ್ ಗಿಲ್, ಅದರ ಹಿನ್ನೆಲೆಯಲ್ಲಿ ಅಸಂಖ್ಯ ನಕ್ಷತ್ರಗಳು ಮೂಡಿದ್ದನ್ನು ಗಮನಿಸಿ, ಇಡೀ ಆಕಾಶದ ನಕ್ಷತ್ರಪಟ್ಟಿಯನ್ನು ಹೀಗೆಯೇ ಮಾಡಬಹುದೆಂದು ಮನಗಂಡರು. ಈ ವಿಚಾರ ಬೆಳೆದು, 1887ರಲ್ಲಿ ಪ್ಯಾರಿಸ್ ವೀಕ್ಷಣಾಲಯದ ನಿರ್ದೇಶಕ ಮೂಶೆ ಅವರ ನೇತೃತ್ವದಲ್ಲಿ ಸೇರಿದ ಸಮ್ಮೇಳನವು ಆಕಾಶವನ್ನು ಪಟ್ಟಿಗಳಾಗಿ ಸೀಳಿ ಜಗತ್ತಿನ ವೀಕ್ಷಣಾಲಯಗಳಿಗೆ ಹಂಚಿತು. ನಕ್ಷೆ ಮತ್ತು ನಕ್ಷತ್ರಪಟ್ಟಿ ಎರಡನ್ನೂ ಒಳಗೊಂಡು ‘ಕಾರ್ತ್ ದು ಸಿಯೆಲ್’ ಎಂದು ಹೆಸರಾದ ಈ ಯೋಜನೆಯಲ್ಲಿ ಫಲಕದ ಒಂದು ಮಿಲಿಮೀಟರು ಆಕಾಶದ ಒಂದು ಕಲೆಗೆ, ಎಂದರೆ ಅಂಶದ ಅರುವತ್ತನೆಯ ಒಂದು ಭಾಗಕ್ಕೆ, ಸಮನಾಗುವಂತೆ ದೂರದರ್ಶಕಗಳನ್ನು ರೂಪಿಸಲಾಯಿತು. ನಕ್ಷೆಯ ಫಲಕಗಳನ್ನು ಸಾಮಾನ್ಯವಾಗಿ ಮೂರು ಬಾರಿ, ಪ್ರತಿ ಸಲವೂ ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸಿ, ಬೆಳಕಿಗೆ ಒಡ್ಡುತ್ತಿದ್ದುದರಿಂದ ಪ್ರತಿಯೊಂದು ನಕ್ಷತ್ರವೂ ಮೂರು ಚುಕ್ಕಿಗಳ ಪುಟ್ಟ ತ್ರಿಕೋನವಾಗಿ ಮೂಡುತ್ತಿತ್ತು. ಒಂಟಿ ಚುಕ್ಕಿ ಕಂಡರೆ ಅದು ಧೂಳು ಅಥವಾ ಫಲಕದ ದೋಷ, ತ್ರಿಕೋನ ಓರೆಯಾಗಿದ್ದರೆ ಅದು ಚಲಿಸುತ್ತಿರುವ ಕ್ಷುದ್ರಗ್ರಹವಾಗಿರಬಹುದು.

ಚಿಲಿ ದೇಶದ ಸಾಂಟಿಯಾಗೊ ವೀಕ್ಷಣಾಲಯಕ್ಕೆ ಒಪ್ಪಿಸಿದ್ದ ಪಟ್ಟಿಯ ಕೆಲಸ ಅಲ್ಲಿ ನಡೆಯದೆ ಹೋದಾಗ, ಖಗೋಳ ವಿಷುವದ್ವೃತ್ತದ ದಕ್ಷಿಣಕ್ಕೆ 17ರಿಂದ 23 ಅಂಶಗಳವರೆಗಿನ ಆ ಆಕಾಶಭಾಗವು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ ಬಂತು. ನವಾಬ್ ಜಫರ್ ಜಂಗ್ 1901ರಲ್ಲಿ ಸ್ಥಾಪಿಸಿದ ಈ ವೀಕ್ಷಣಾಲಯವನ್ನು, ಬೀದರ್, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿದ್ದ ಅಂದಿನ ಹೈದರಾಬಾದ್ ಸಂಸ್ಥಾನ ಅವರ ಮರಣಾನಂತರ ವಹಿಸಿಕೊಂಡಿತ್ತು. ನಿರ್ದೇಶಕರಾದ ಪೋಕಾಕ್ ಮತ್ತು ಅವರ ನಂತರ ಬಂದ ಟಿ. ಪಿ. ಭಾಸ್ಕರನ್ ಅವರ ಕಾಲದಲ್ಲಿ ಎಂಟು ಅಂಗುಲದ ಛಾಯಾ ದೂರದರ್ಶಕದಿಂದ ಸಾಗಿದ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮುಂದೆ ಜರ್ಮನಿಯ ಪಾಟ್ಸ್‌ಡಾಮಿನವರು ಪೂರೈಸದೆ ಬಿಟ್ಟ ಉತ್ತರದ ಪಟ್ಟಿಯೊಂದರ ಭಾಗವನ್ನೂ ಇದಕ್ಕೇ ವಹಿಸಲಾಯಿತು.

ಚಿತ್ರ ತೆಗೆದುದಕ್ಕಿಂತ ಅದನ್ನು ಓದಿದ ಶ್ರಮವೇ ದೊಡ್ಡದು. ವ್ಯಾಟಿಕನ್ ವೀಕ್ಷಣಾಲಯದಲ್ಲಿ ಕ್ರೈಸ್ತ ಸನ್ಯಾಸಿನಿಯರು ಸೂಕ್ಷ್ಮದರ್ಶಕದಡಿ ಲಕ್ಷಾಂತರ ಚುಕ್ಕಿಗಳ ಸ್ಥಾನವನ್ನು ಅಳೆದರು. ಹಾರ್ವರ್ಡ್‌ನಲ್ಲಿ ಹೆನ್ರಿಯೆಟ್ಟಾ ಲೆವಿಟ್, ಬಿಳಿಯ ಬಯಲಿನಲ್ಲಿ ಕರಿಯ ಚುಕ್ಕಿಗಳಾಗಿ ನಕ್ಷತ್ರಗಳಿರುವ ನೆಗೆಟಿವ್ ಫಲಕದ ಮೇಲೆ ಬೇರೊಂದು ರಾತ್ರಿಯ ಪಾಸಿಟಿವ್ ಪ್ರತಿಯನ್ನು ಹೊಂದಿಸಿಟ್ಟು, ಗಾತ್ರ ತಾಳೆಯಾಗದ ಚುಕ್ಕಿಗಳನ್ನು, ಅಂದರೆ ಕಾಂತಿ ಏರಿಳಿಯುವ ಚರ ನಕ್ಷತ್ರಗಳನ್ನು, ಹುಡುಕಿದರು. ಪೆರುವಿನಿಂದ ತೆಗೆದ ಕಿರಿಯ ಮೆಗೆಲಾನಿಕ್ ಮೋಡದ ಫಲಕಗಳಲ್ಲಿ ಇಂಥ 25 ತಾರೆಗಳನ್ನು ಪರಿಶೀಲಿಸಿ, ಹೆಚ್ಚು ಬೆಳಗುವ ತಾರೆಯ ಏರಿಳಿತಕ್ಕೆ ಹೆಚ್ಚು ದಿನ ಹಿಡಿಯುತ್ತದೆಂಬ ನಿಯಮವನ್ನು ಅವರು 1912ರಲ್ಲಿ ತೋರಿಸಿಕೊಟ್ಟರು. ಅವೆಲ್ಲವೂ ಭೂಮಿಯಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದುದರಿಂದ, ಕಾಣುವ ಕಾಂತಿಯ ಭೇದವು ನಿಜವಾದ ಕಾಂತಿಯ ಭೇದವೇ ಆಗಿತ್ತು. ಹೀಗಾಗಿ ಏರಿಳಿತದ ಅವಧಿಯಿಂದ ನಿಜವಾದ ಕಾಂತಿಯನ್ನು ಅರಿತು, ಅದನ್ನು ಕಾಣುವ ಕಾಂತಿಯೊಡನೆ ಹೋಲಿಸಿ ದೂರವನ್ನು ಲೆಕ್ಕಹಾಕುವ ದಾರಿ ತೆರೆಯಿತು.

ಆ ದಾರಿಯಲ್ಲಿ ನಡೆದವರು ಎಡ್ವಿನ್ ಹಬಲ್. 1923ರ ಅಕ್ಟೋಬರಿನಲ್ಲಿ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಆಂಡ್ರೋಮಿಡಾ ನೀಹಾರಿಕೆಯ ಫಲಕವೊಂದನ್ನು ಪಡೆದ ಅವರು, ಥಟ್ಟನೆ ಬೆಳಗಿ ಮಸುಕಾಗುವ ನೋವಾ ಎಂದು ತಾವೇ ಗುರುತಿಸಿದ್ದ ಚುಕ್ಕಿಯೊಂದು ಹಳೆಯ ಫಲಕಗಳಲ್ಲಿಯೂ ಕಂಡು ಮರೆಯಾಗುತ್ತಿದ್ದುದನ್ನು ಅರಿತು, ಗಾಜಿನ ಮೇಲಿನ ಆ ಗುರುತನ್ನು ಹೊಡೆದುಹಾಕಿ ಅದು ಚರ ನಕ್ಷತ್ರವೆಂದು ಬರೆದರು. ಸುಮಾರು 31 ದಿನಗಳ ಅದರ ಅವಧಿಯಿಂದ ಸಿಕ್ಕ ದೂರ ಒಂಬತ್ತು ಲಕ್ಷ ಜ್ಯೋತಿರ್ವರ್ಷ. ಇಂದಿನ ಲೆಕ್ಕದಲ್ಲಿ ಅದು ಸುಮಾರು 25 ಲಕ್ಷವಾದರೂ, ಆಂಡ್ರೋಮಿಡಾ ನಮ್ಮ ಆಕಾಶಗಂಗೆಯ ಆಚೆಗಿನ ಮತ್ತೊಂದು ಗೆಲಾಕ್ಸಿಯೆಂಬುದು ಅಂದೇ ಸ್ಥಿರಪಟ್ಟಿತು.

ಈ ನಡುವೆ ಪ್ಯಾರಿಸ್ಸಿನ ಯೋಜನೆ ಸೊರಗಿತ್ತು. ನಕ್ಷೆ ಪೂರ್ಣಗೊಳ್ಳಲೇ ಇಲ್ಲ, ನಕ್ಷತ್ರಪಟ್ಟಿ ಮುಗಿಯುವ ವೇಳೆಗೆ ಹಲವರು ಅದನ್ನು ವ್ಯರ್ಥ ಸಾಹಸವೆಂದೇ ಬಗೆದಿದ್ದರು. 1989ರಲ್ಲಿ ಹಾರಿದ ಹಿಪ್ಪಾರ್ಕಸ್ ಉಪಗ್ರಹವು ನಕ್ಷತ್ರಗಳ ಸ್ಥಾನವನ್ನು ಅತ್ಯಂತ ನಿಖರವಾಗಿ ಅಳೆದರೂ, ಅವುಗಳಲ್ಲಿ ಬಹುಪಾಲಿನ ಅತಿ ನಿಧಾನದ ಚಲನೆಯನ್ನು ನಿಖರವಾಗಿ ಅರಿಯಲು ಅದರ ಕೆಲವೇ ವರ್ಷಗಳ ಆಯುಸ್ಸು ಸಾಲುತ್ತಿರಲಿಲ್ಲ. ಆಗ ಆ ಹಳೆಯ ಪಟ್ಟಿಯ ಸ್ಥಾನಗಳನ್ನು ಹೊಸ ಸ್ಥಾನಗಳೊಡನೆ ಹೋಲಿಸಿ, 2000ದಲ್ಲಿ ಪ್ರಕಟವಾದ ಟೈಕೊ-2 ಪಟ್ಟಿಯಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯನ್ನು ನಿರ್ಧರಿಸಲಾಯಿತು. ಹೈದರಾಬಾದಿನಲ್ಲಿ ಅಳೆದಿಟ್ಟ ಸ್ಥಾನಗಳೂ ಆ ಲೆಕ್ಕಕ್ಕೆ ಒದಗಿದವು. ಎಂಥ ಶಕ್ತಿಶಾಲಿ ಉಪಕರಣವೂ ಕಳೆದುಹೋದ ರಾತ್ರಿಯೊಂದನ್ನು ಮತ್ತೆ ಚಿತ್ರಿಸಲಾರದು. ಆದ್ದರಿಂದ ವೀಕ್ಷಣಾಲಯಗಳ ಕಪಾಟುಗಳಲ್ಲಿ ಉಳಿದಿರುವ ಗಾಜಿನ ಫಲಕಗಳನ್ನು ಕಾಪಾಡಿ ಅಂಕೀಕರಿಸುವುದು ಇನ್ನೂ ಕೇಳದಿರುವ ಪ್ರಶ್ನೆಗಳಿಗೆ ಆಧಾರ ಒದಗಿಸುವ ಸಂಶೋಧನೆಯ ಕೆಲಸವೇ ಆಗಿದೆ.