ಮೂಲ್ಕಿ: ಹಡಗು ತಡೆದ ಮರಳು, ಅಲೆ ಎಬ್ಬಿಸಿದ ಮರಳು

ಮೂಲ್ಕಿಗೆ ಒಂದು ದಿನದ ಮಟ್ಟಿಗೆ ಬರುವವರು ಈಗ ಮೊದಲು ವಿಚಾರಿಸುವುದು ಸರ್ಫಿಂಗ್ ಬಗ್ಗೆ. ಬೆಳಿಗ್ಗೆ ಬೋರ್ಡ್ ಹಿಡಿದು ನೀರಿಗಿಳಿದು, ಮಧ್ಯಾಹ್ನ ಮೀನೂಟ ಮುಗಿಸಿ, ಸಂಜೆ ಕಡಲ ದಂಡೆಯಲ್ಲಿ ಕುಳಿತೆದ್ದರೆ ಊರು ನೋಡಿದಂತಾಯಿತು ಎಂಬ ಎಣಿಕೆ. ಮಂಗಳೂರು, ಉಡುಪಿ ಎರಡರಿಂದಲೂ ಹೆಚ್ಚುಕಡಿಮೆ 30 ಕಿಲೋಮೀಟರ್ ದೂರ. ರಾಷ್ಟ್ರೀಯ ಹೆದ್ದಾರಿ 66 ಊರನ್ನು ಹಾದುಹೋಗುತ್ತದೆ. ಮಂಗಳೂರು–ಉಡುಪಿ ರೈಲು 1993ರಲ್ಲಿ ಓಡತೊಡಗಿತು. 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 16,000 ದಾಟಿತ್ತು. ಶಾಂಭವಿ ಹೊಳೆಯ ಸೇತುವೆ ದಾಟಿದರೆ ಹೆಜಮಾಡಿ, ಅಲ್ಲಿಂದಾಚೆ ಉಡುಪಿ ಜಿಲ್ಲೆ. ಅಂಕಿಅಂಶ ಇಷ್ಟು ಸಾಕು. ನನ್ನ ವಾದ ಬೇರೆ: ಕಡಲಿನಿಂದ ಶುರುವಾಗಿ ಕಡಲಲ್ಲೇ ಮುಗಿಯುವ ದಿನ ಮೂಲ್ಕಿಯನ್ನು ತೋರಿಸುವುದಿಲ್ಲ. ಈ ಊರನ್ನು ಕಟ್ಟಿದ್ದು ಕಡಲಲ್ಲ, ಹೊಳೆ ಕಡಲು ಸೇರುವ ಅಳಿವೆ ಮತ್ತು ಅಲ್ಲಿ ಕೂತು ಏಳುವ ಮರಳು. ಸರ್ಫಿಂಗ್ ಕೂಡ ಆ ಮರಳಿನದೇ ಕೊಡುಗೆ.

ಶಾಂಭವಿ ಮತ್ತು ನಂದಿನಿ ಹೊಳೆಗಳು ಸಸಿಹಿತ್ಲು, ಕೊಳಚಿಕಂಬಳದ ಆಸುಪಾಸಿನಲ್ಲಿ ಒಟ್ಟುಗೂಡಿ ಅರಬ್ಬಿ ಕಡಲಿಗೆ ಸೇರುತ್ತವೆ. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ಬಂದ ಮರಳು ಅಳಿವೆ ಬಾಯಲ್ಲಿ ನೀರಿನಡಿಯ ದಿಬ್ಬವಾಗಿ ನಿಲ್ಲುತ್ತದೆ. ದೂರದಿಂದ ಬರುವ ಅಲೆಯ ತಳ ಈ ದಿಬ್ಬಕ್ಕೆ ತಾಗಿದಾಗ ಅದರ ವೇಗ ಕುಗ್ಗುತ್ತದೆ, ಹಿಂದಿನ ನೀರು ಮೇಲೇರುತ್ತದೆ, ತುದಿ ಮುಂದಕ್ಕೆ ಬಾಗಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸಾಲಾಗಿ ಒಡೆಯುತ್ತದೆ. ಸರ್ಫರ್‌ಗಳಿಗೆ ಬೇಕಾದದ್ದು ಹೀಗೆ ಸಾಲಾಗಿ ಒಡೆಯುವ ಅಲೆಯೇ. ಅಳಿವೆಯ ಬಳಿಯ ಅಂಥ ಒಂದು ಅಲೆಯನ್ನು ಅವರು ‘ಬಾಬಾಸ್ ಲೆಫ್ಟ್’ ಎಂದು ಕರೆಯುತ್ತಾರೆ. ಫ್ಲಾರಿಡಾ ಮೂಲದ ಜ್ಯಾಕ್ ಹೆಬ್ನರ್, ಅಂದರೆ ‘ಸರ್ಫಿಂಗ್ ಸ್ವಾಮಿ’, 2004ರಲ್ಲಿ ಇಲ್ಲಿ ಆಶ್ರಮ ಕಟ್ಟಿದರು. ದೇಶದ ಮೊದಲ ಸರ್ಫ್ ಕ್ಲಬ್ ಎಂದು ಹೆಸರಾದ ಮಂತ್ರ ಸರ್ಫ್ ಕ್ಲಬ್ ಬೆಳೆದದ್ದು ಅಲ್ಲೇ. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಮೂಲ್ಕಿಯ ಹೆಸರು ದೇಶದುದ್ದಕ್ಕೂ ಹೋಯಿತು. ಮೀನುಗಾರ ಮೊಗವೀರರ ಕೇರಿಗಳ ಮಕ್ಕಳೂ ಬೋರ್ಡ್ ಹತ್ತುವಂತಾಗಿದ್ದು ಹೆಮ್ಮೆಯ ವಿಷಯ. ಆದರೆ ಇದು ಎರಡು ದಶಕಗಳ ಚರಿತ್ರೆ. ಮರಳಿನದು ಅದಕ್ಕಿಂತ ಎಷ್ಟೋ ಹಳೆಯದು.

ಹಳೆಯ ಕಥೆ ಇರುವುದು ಹೆದ್ದಾರಿಯ ಪಕ್ಕದಲ್ಲೇ, ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯಲ್ಲಿ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಸರಕು ತುಂಬಿದ ಹಡಗಿನಲ್ಲಿ ಶಾಂಭವಿಯೊಳಗೆ ಬರುವಾಗ ಹಡಗು ಇದ್ದಕ್ಕಿದ್ದಂತೆ ನಿಂತಿತು, ನೀರು ರಕ್ತದಂತೆ ಕೆಂಪಾಯಿತು. ಅಂದಿನ ರಾತ್ರಿ ದೇವಿ ಕನಸಿನಲ್ಲಿ ಬಂದು ತನಗೆ ಗುಡಿ ಕಟ್ಟಿಸು ಎಂದಳು. ಬ್ಯಾರಿ ಮೂಲ್ಕಿ ಸೀಮೆಯ ಜೈನ ಅರಸ ಸಾವಂತನಲ್ಲಿ ಅರಿಕೆ ಮಾಡಿಕೊಂಡು ಗುಡಿ ಎಬ್ಬಿಸಿದ. ಯಕ್ಷಗಾನ ಮೇಳಗಳು ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ ಎಂದು ಇದನ್ನು ಆಡುತ್ತ ಬಂದಿವೆ. ದೇವಿಯ ಮಹಿಮೆಯನ್ನು ನಂಬುವವರ ನಂಬಿಕೆಗೆ ಅಡ್ಡಬರದೆಯೇ ಒಂದು ಮಾತು ಹೇಳಬಹುದು: ತುಂಬಿದ ಹಡಗು ಹೊಳೆಬಾಯಲ್ಲಿ ನಿಲ್ಲುವುದು ಈ ಕರಾವಳಿಯಲ್ಲಿ ದಿನನಿತ್ಯದ ಅಪಾಯವಾಗಿತ್ತು. ಉಬ್ಬರದ ಲೆಕ್ಕ ಅರ್ಧ ತಾಸು ತಪ್ಪಿದರೂ ತಳ ಮರಳಿಗೆ ಕಚ್ಚುತ್ತಿತ್ತು. ಹೊಳೆಯೊಳಗೆ ಸರಕು ಸಾಗುತ್ತಿದ್ದ, ಹೊರಗಿನ ವರ್ತಕನಿಗೆ ಅರಸನ ಬಾಗಿಲು ತೆರೆದಿದ್ದ, ಅಳಿವೆಯ ಮರಳಿಗೆ ಎಲ್ಲರೂ ಹೆದರುತ್ತಿದ್ದ ಒಂದು ರೇವಿನ ನೆನಪನ್ನು ಈ ಐತಿಹ್ಯ ಕಾಪಿಟ್ಟಿದೆ.

ಇದಕ್ಕೆ ಶಾಸನವಿದೆಯೇ, ದಸ್ತಾವೇಜು ಇದೆಯೇ ಎಂದು ಕೇಳುವವರಿದ್ದಾರೆ. ಬ್ಯಾರಿಯ ಕಥೆ ಆಮೇಲೆ ಸೇರಿಸಿದ್ದು, ಗುಡಿ ಅರಸರದೇ ಎನ್ನುವವರೂ ಇದ್ದಾರೆ. ಆಕ್ಷೇಪ ಸಣ್ಣದಲ್ಲ, ಐತಿಹ್ಯವನ್ನು ಕಾಲನಿರ್ಣಯಕ್ಕೆ ಬಳಸಲು ಬರುವುದಿಲ್ಲ. ಆದರೆ ಕಥೆಯ ಜತೆಗೆ ಒಂದು ಕ್ರಮ ಉಳಿದಿದೆ. ವರ್ಷಾವಧಿ ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನಕ್ಕೆ ಪ್ರಸಾದದ ಮೊದಲ ಮರ್ಯಾದೆ ಸಲ್ಲುತ್ತದೆ. ಕಥೆಯನ್ನು ಯಾರು ಬೇಕಾದರೂ ಹೊಸೆಯಬಹುದು, ಮರ್ಯಾದೆಯನ್ನು ಹಾಗೆ ಹೊಸೆಯಲಾಗುವುದಿಲ್ಲ. ದೇವಸ್ಥಾನದಲ್ಲಿ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದಕ್ಕಾಗಿ ಬೀಡು, ಗುತ್ತಿನ ಹಳೆಯ ಮನೆತನಗಳೇ ಪಟ್ಟುಬಿಡದೆ ಜಗಳಾಡುವ ನಾಡು ಇದು. ಇಂಥಲ್ಲಿ ಅನ್ಯಮತದ ಒಂದು ಮನೆತನಕ್ಕೆ ಮೊದಲ ಸ್ಥಾನ ಸುಮ್ಮನೆ ದಕ್ಕುವುದಿಲ್ಲ. ಒಂಬತ್ತು ಮಾಗಣೆಯ, ಅಂದರೆ ಒಂಬತ್ತು ಗ್ರಾಮಗುಂಪುಗಳ, ಸೀಮೆ ಒಪ್ಪಿ ನಡೆಸಿಕೊಂಡು ಬಂದಿದ್ದರಿಂದಲೇ ಅದು ಉಳಿದಿದೆ. ನನ್ನ ಲೆಕ್ಕದಲ್ಲಿ ತಾಮ್ರಪಟಕ್ಕಿಂತ ಇದು ಕಡಿಮೆ ಸಾಕ್ಷಿಯಲ್ಲ.

ಆ ಸಾಕ್ಷಿಗೆ ಪೆಟ್ಟು ಬಿದ್ದದ್ದು 2022ರ ಮಾರ್ಚ್‌ನಲ್ಲಿ. ಜಾತ್ರೆಯ ಹೊತ್ತಿಗೆ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಕೂಡದೆಂಬ ಬ್ಯಾನರ್‌ಗಳು ಕಾಣಿಸಿಕೊಂಡವು. ವರ್ತಕನೊಬ್ಬನ ಹೆಸರು ಹೊತ್ತ ಗುಡಿಯ ಜಾತ್ರೆಗೆ ಅವನ ಕುಲದ ವರ್ತಕರು ಬರಬಾರದೆಂದರೆ ಊರು ತನ್ನ ಚರಿತ್ರೆಯನ್ನು ತಾನೇ ಅಳಿಸಿದಂತೆ. ಅದು ವ್ಯಾಪಾರದ ವಿಷಯ, ಪೂಜೆಯದಲ್ಲ ಎಂದು ಸಮಜಾಯಿಷಿ ಕೊಡುವವರುಂಟು. ಬಪ್ಪನಾಡಿನಲ್ಲಿ ಆ ಗೆರೆ ಎಳೆಯಲು ಬರುವುದಿಲ್ಲ, ಗುಡಿಗೆ ನೆಲೆಯಾದದ್ದೇ ವ್ಯಾಪಾರದ ಹಡಗು.

ಮೂಲ್ಕಿಯಲ್ಲಿ ನೋಡಲು ಇನ್ನೂ ಇದೆ: ವೆಂಕಟರಮಣ ದೇವಸ್ಥಾನ, ಪಡುಪಣಂಬೂರಿನ ಅರಮನೆ ಮತ್ತು ಅಲ್ಲಿನ ಕಂಬಳ, ಸೀಮೆಯ ಅವಳಿ ವೀರರಾದ ಕಾಂತಾಬಾರೆ–ಬೂದಾಬಾರೆಯರ ನೆಲೆ. ಸ್ವಾತಂತ್ರ್ಯ ಹೋರಾಟಕ್ಕೆ ಆಸ್ತಿಯನ್ನೆಲ್ಲ ಸುರಿದ ಕಾರ್ನಾಡು ಸದಾಶಿವರಾಯರೂ ಇಲ್ಲಿಯವರೇ. ಬೆಂಗಳೂರಿನ ಸದಾಶಿವನಗರಕ್ಕೆ ಇರುವುದು ಅವರದೇ ಹೆಸರು.

ಒಂದೇ ದಿನದಲ್ಲಿ ಇಷ್ಟೆಲ್ಲ ಎಲ್ಲಿ ಸಾಧ್ಯ ಎನ್ನಬಹುದು. ಎಲ್ಲವೂ ಬೇಕಿಲ್ಲ, ಹೊಳೆಯನ್ನು ಬಿಡದಿದ್ದರೆ ಸಾಕು. ಮಳೆಗಾಲ ಕಳೆದ ಮೇಲಿನ ತಿಂಗಳುಗಳನ್ನು ಆರಿಸಿಕೊಳ್ಳಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಹಿಂದಿನ ದಿನವೇ ಉಬ್ಬರ–ಇಳಿತದ ವೇಳಾಪಟ್ಟಿ ನೋಡಿ. ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿಗೆ ಅಲೆಯ ಮೈ ನುಣುಪಾಗಿರುತ್ತದೆ, ಬಿಸಿಲೇರಿ ಕಡಲಗಾಳಿ ಎದ್ದರೆ ಕದಡುತ್ತದೆ. ಹಾಗಾಗಿ ಬೋರ್ಡ್ ಹಿಡಿಯಲು ಬೆಳಿಗ್ಗೆಯೇ ಸರಿ, ಅದೂ ಕಲಿಸುವವರ ಜತೆ. ಅಳಿವೆ ಬಾಯಲ್ಲಿ ಇಳಿತದ ಸೆಳೆತ ಬಲವಾಗಿರುವುದರಿಂದ ಅಲ್ಲಿ ಒಬ್ಬರೇ ಈಜಬಾರದು. ಮಧ್ಯಾಹ್ನದ ಪೂಜೆಗೆ ಬಪ್ಪನಾಡು ತಲುಪಿ. ಪೊಳಲಿ ದೇವಸ್ಥಾನದ ಜಾತ್ರೆಯ ಚೆಂಡಿನಷ್ಟೇ ತುಳುನಾಡಿನಲ್ಲಿ ಹೆಸರಾದ ಬಪ್ಪನಾಡಿನ ಡೋಲಿನ ಬಗ್ಗೆ ಅಲ್ಲೇ ಕೇಳಿ ತಿಳಿಯಿರಿ. ಊಟಕ್ಕೆ ಹೊಳೆಯ ಮರುವಾಯಿ (ಚಿಪ್ಪುಮೀನು) ಸಿಕ್ಕರೆ ನೀರುದೋಸೆಯ ಜತೆ ತಿನ್ನಿ. ಸಂಜೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಶಾಂಭವಿಯಲ್ಲಿ ಪ್ಯಾಡಲ್ ಮಾಡುತ್ತ ಅಳಿವೆಯ ದಿಕ್ಕಿಗೆ ಬಂದರೆ, ಹಡಗು ಬಂದ ದಾರಿಯೂ ಅಲೆ ಏಳುವ ಜಾಗವೂ ಒಂದೇ ನೋಟಕ್ಕೆ ಸಿಗುತ್ತವೆ.

ಈಗ ಆ ಮರಳೇ ಕದಲುತ್ತಿದೆ. ಸಸಿಹಿತ್ಲಿನ ದಂಡೆಯನ್ನು ಕಡಲ್ಕೊರೆತ ತಿನ್ನುತ್ತಿದೆ. ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಅಂಗಡಿ, ವಾಹನ ನಿಲುಗಡೆ, ವಿಶ್ರಾಂತಿ ಕೊಠಡಿಗಳ ಲೆಕ್ಕವಾಗುತ್ತದೆ, ಕೊರೆತದ ಮಾತು ಬಂದರೆ ಕಲ್ಲು ಸುರಿಯುವ ಲೆಕ್ಕ. ಒಂದು ಕಡೆ ಕಲ್ಲು ಹಾಕಿದರೆ ಕೊರೆತ ಪಕ್ಕದ ದಂಡೆಗೆ ಜಾರುವುದನ್ನು ಕರಾವಳಿಯ ಮೀನುಗಾರರು ಕಣ್ಣಾರೆ ಕಂಡಿದ್ದಾರೆ. ಕಾಮಗಾರಿಗೆ ಮುಂಚೆ ಅಳಿವೆಯ ಮರಳನ್ನು ವರ್ಷವರ್ಷವೂ ಅಳೆದು ದಾಖಲಿಸಬೇಕು, ಬಪ್ಪ ಬ್ಯಾರಿಯ ಮನೆತನದವರು ಮತ್ತು ಮೊಗವೀರ ಹಿರಿಯರು ಬಲ್ಲ ಹೊಳೆಯ ಸಂಗತಿಗಳನ್ನು ಅವರು ಇರುವಾಗಲೇ ಬರೆದಿಡಬೇಕು. ಇವೆರಡೂ ಕಲ್ಲಿಗಿಂತ ಅಗ್ಗದ ಕೆಲಸ, ಇನ್ನೂ ತಡಮಾಡಲು ಕಾರಣವಿಲ್ಲ.