ಹೊಗೆ, ಹಬೆ, ಉಪ್ಪುನೀರು

ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಗಳಲ್ಲಿ ಮೂಗಿನ ಉಪಚಾರ ಮೊದಲಾಗುತ್ತದೆ. ಒಂದೆಡೆ ಕೆಂಡದ ಮೇಲೆ ಅರಿಶಿನದ ಕೊಂಬು ಹೊಗೆಯಾಡುತ್ತದೆ. ಇನ್ನೊಂದೆಡೆ ಶುಂಠಿ, ಮೆಣಸು, ಬೆಲ್ಲ ಕುದಿದು ಕಷಾಯವಾಗುತ್ತದೆ. ಮೂಲೆಯಲ್ಲಿ ಒಬ್ಬರು ಕಂಬಳಿ ಹೊದ್ದು ಹಬೆ ಹಿಡಿಯುತ್ತಿರುತ್ತಾರೆ. ಇವೆಲ್ಲವನ್ನೂ ನಾವು ‘ಅಜ್ಜಿಯ ಮದ್ದು’ ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಇವು ಒಂದೇ ಕಾಲದವಲ್ಲ, ಒಂದೇ ನಾಡಿನವೂ ಅಲ್ಲ. ಇವುಗಳಲ್ಲಿ ಯಾವುದು ರೋಗಕ್ಕೆ ನಾಟುತ್ತದೆ, ಯಾವುದು ಮನಸ್ಸಿಗೆ ಮಾತ್ರ ಹಿತ ಕೊಡುತ್ತದೆ ಎಂಬ ಪ್ರಶ್ನೆಗೆ ಇವುಗಳ ಚರಿತ್ರೆಯಲ್ಲೇ ಉತ್ತರವಿದೆ.

ನಮ್ಮ ಪ್ರಾಚೀನ ವೈದ್ಯರು ಮೂಗನ್ನು ತಲೆಗೆ ಹೋಗುವ ದಾರಿಯೆಂದೇ ಎಣಿಸಿದ್ದರು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂಗಿನ ರೋಗಗಳನ್ನು ಬೇರೆಯಾಗಿ ವಿವರಿಸಿದೆ. ಪ್ರತಿಶ್ಯಾಯ, ಎಂದರೆ ನೆಗಡಿಗೇ ಒಂದು ಅಧ್ಯಾಯವಿದೆ. ಚರಕಸಂಹಿತೆ ದಿನಚರಿಯನ್ನು ಹೇಳುವಾಗ ಮೂಗಿಗೆ ಅಣುತೈಲ ಬಿಡುವುದನ್ನೂ ಔಷಧಿಯ ಧೂಮ ಸೇವಿಸುವುದನ್ನೂ ವಿಧಿಸುತ್ತದೆ. ಅರಿಶಿನದ ಹೊಗೆ ಈ ಬಳಗಕ್ಕೆ ಸೇರಿದ್ದು. ಮೂಗಿಗೆ ಬಿಡುವ ಮದ್ದಿಗೆ ‘ನಸ್ಯ’ ಎಂದು ಹೆಸರು. ಹೊರನಾಡಿನಿಂದ ಹೊಗೆಸೊಪ್ಪು ಬಂದ ಮೇಲೆ ಅದರ ಪುಡಿಗೂ ಇದೇ ಹೆಸರು ಅಂಟಿಕೊಂಡಿತು. ಔಷಧದ ಹೆಸರು ಚಟಕ್ಕೆ ಹೋದದ್ದು ಹೀಗೆ.

ಆದರೆ ನೆಗಡಿ ಬಲಿತಾಗ ಕೆನ್ನೆ, ಹಣೆ ಭಾರವಾಗಿ ನೋಯುವುದು ಏಕೆ? ಅದಕ್ಕೆ ಮುಖದ ಎಲುಬುಗಳ ಒಳಗಿರುವ ಗಾಳಿಯ ಗೂಡುಗಳು ಕಾರಣ, ಇವೇ ಸೈನಸ್‌ಗಳು. ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ 1489ರಲ್ಲಿ ತಲೆಬುರುಡೆಯನ್ನು ಕೊಯ್ದು ನೋಡಿ ಇವುಗಳ ಚಿತ್ರ ಬರೆದಿದ್ದ. ಇಂಗ್ಲೆಂಡಿನ ವೈದ್ಯ ನಥೇನಿಯಲ್ ಹೈಮೋರ್ 1651ರಲ್ಲಿ ಕೆನ್ನೆಯ ಗೂಡನ್ನು ವಿವರವಾಗಿ ವರ್ಣಿಸಿದ. ಹಲ್ಲು ಕೀಳಿಸಿಕೊಂಡ ಹೆಂಗಸೊಬ್ಬಳು ಆ ತೂತಿನೊಳಗೆ ಗರಿಯ ಕಡ್ಡಿ ಹಾಕಿ ನೋಡಿದಾಗ ಅದು ಮೇಲೆ ಮೇಲೆ ಹೋಯಿತಂತೆ. ಮೆದುಳಿಗೇ ತಾಗಿತೆಂದು ಅವಳು ಹೆದರಿದಳು. ಅಲ್ಲಿ ಸಹಜವಾಗಿಯೇ ಟೊಳ್ಳು ಇದೆಯೆಂದು ಹೇಳಿ ಹೈಮೋರ್ ಅವಳನ್ನು ಸಮಾಧಾನಪಡಿಸಿದ.

ಈ ಗೂಡಿನ ಬಾಗಿಲು ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಒಳಗಿನ ಸಿಂಬಳ ತಾನಾಗಿ ಇಳಿದುಹೋಗಲಾರದು. ಒಳಪೊರೆಯ ಅತಿ ಸಣ್ಣ ರೋಮಗಳು ಅದನ್ನು ಮೇಲಕ್ಕೆ ಗುಡಿಸಿ ಹೊರಹಾಕಬೇಕು. ನೆಗಡಿಯಿಂದ ಪೊರೆ ಬಾತರೆ ಬಾಗಿಲು ಮುಚ್ಚುತ್ತದೆ, ಭಾರ ಏರುತ್ತದೆ.

ಇನ್ನು ನೀಲಗಿರಿ ಎಣ್ಣೆಯ ಮಾತು. ಹೆಸರು ನಮ್ಮದು, ಮರ ಆಸ್ಟ್ರೇಲಿಯದ್ದು. ಸುಮಾರು 1790ರಲ್ಲಿ ಟಿಪ್ಪುವಿನ ಕಾಲಕ್ಕೆ ಅದು ನಂದಿಬೆಟ್ಟಕ್ಕೆ ಬಂತೆಂದು ಹೇಳುತ್ತಾರೆ. 1843ರಲ್ಲಿ ನೀಲಗಿರಿ ಬೆಟ್ಟಗಳಲ್ಲಿ ನೆಟ್ಟರು. ಕನ್ನಡದಲ್ಲಿ ಆ ಬೆಟ್ಟದ ಹೆಸರೇ ಮರದ ಹೆಸರಾಯಿತು. ಎಣ್ಣೆಯನ್ನು ವ್ಯಾಪಾರಕ್ಕಾಗಿ ಬಟ್ಟಿಯಿಳಿಸುವ ಕೆಲಸವನ್ನು ಜೋಸೆಫ್ ಬೊಸಿಸ್ಟೊ 1850ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಿಸಿದ. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ಅಮೃತಾಂಜನವನ್ನು ಹೊರತಂದರು. ಇಂಥ ಲೇಪಗಳ ತಂಪಿಗೆ ಪುದೀನದ ಜಾತಿಯ ಗಿಡದಿಂದ ತೆಗೆದ ಮೆಂಥಾಲ್ ಕಾರಣ. ಅದನ್ನು ಮೂಸಿದೊಡನೆ ಮೂಗು ಬಿಟ್ಟಂತೆ ತೋರುತ್ತದೆ. ಆದರೆ ಅಳೆದು ನೋಡಿದರೆ ಗಾಳಿಯ ದಾರಿ ಅಗಲವಾಗಿರುವುದಿಲ್ಲ! ನರಗಳಲ್ಲಿ ತಂಪನ್ನು ಗುರುತಿಸುವ ಗ್ರಾಹಕವನ್ನು ಮೆಂಥಾಲ್ ಮುಟ್ಟುತ್ತದೆ, ಅಷ್ಟೆ. ಆ ಗ್ರಾಹಕ 2002ರಲ್ಲಿ ಪತ್ತೆಯಾಯಿತು. ಹಿತವೇನೋ ನಿಜ, ದಾರಿ ತೆರೆದದ್ದು ನಿಜವಲ್ಲ.

ಮೂಗನ್ನು ಶುಚಿಮಾಡುವ ನೇತಿಕ್ರಿಯೆ ಯೋಗಿಗಳದು. 15ನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಹೇಳಿರುವುದು ನೂಲಿನಿಂದ ಮಾಡುವ ನೇತಿ. ಗಿಂಡಿಯ ನೀರಿನಿಂದ ಮಾಡುವ ಜಲನೇತಿ ಇಂದು ಅದಕ್ಕಿಂತ ಹೆಚ್ಚು ಪ್ರಚಾರದಲ್ಲಿದೆ. ಪರಿಮಳವಿಲ್ಲದ, ತಂಪೂ ಇಲ್ಲದ ಈ ಉಪ್ಪುನೀರೇ ಪರೀಕ್ಷೆಯಲ್ಲಿ ಗೆದ್ದದ್ದು. ಹಳೆಯ ಪೀನಸದಿಂದ ನರಳುತ್ತಿದ್ದ 871 ಮಂದಿಯ ಮೇಲೆ ಇಂಗ್ಲೆಂಡಿನಲ್ಲಿ ನಡೆಸಿದ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಉಪ್ಪುನೀರಿನಿಂದ ತೊಳೆದುಕೊಂಡವರಿಗೆ ತಕ್ಕಮಟ್ಟಿಗೆ ಗುಣ ಕಂಡಿತು. ಹಬೆಯಿಂದ ತಲೆನೋವು ಮಾತ್ರ ತುಸು ತಗ್ಗಿತು, ಬೇರೆ ಪ್ರಯೋಜನ ಕಾಣಲಿಲ್ಲ.

ಹಬೆಯಲ್ಲಿ ಅಪಾಯವೂ ಉಂಟು. 2020ರ ಕೊರೋನಾ ಹಾವಳಿಯಲ್ಲಿ ಬಿಸಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳ ಸಂಖ್ಯೆ ಏರಿತೆಂದು ಬರ್ಮಿಂಗ್‌ಹ್ಯಾಮಿನ ವೈದ್ಯರು ವರದಿಮಾಡಿದರು. ಮಕ್ಕಳನ್ನು ಕಂಬಳಿಯೊಳಗೆ ಕೂರಿಸುವ ರೂಢಿಯನ್ನು ನಾವು ಬಿಡುವುದೇ ಲೇಸು. ಹಾಗೆಂದು ಉಪ್ಪುನೀರು ನಿರಪಾಯವೆಂದು ತಿಳಿಯಲಾಗದು. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಕುದಿಸದ ನಲ್ಲಿಯ ನೀರಿನಿಂದ ಮೂಗು ತೊಳೆದ ಇಬ್ಬರು, ಮೆದುಳನ್ನು ತಿನ್ನುವ ಅಮೀಬಾ ಹೊಕ್ಕು ಮೃತಪಟ್ಟರು. ಆದ್ದರಿಂದ ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗುವಷ್ಟು ಆರಿಸಿ, ಒಂದು ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಕರಗಿಸಿ ಬಳಸಬೇಕು. ಗಿಂಡಿಯೂ ಶುದ್ಧವಾಗಿರಬೇಕು.

ಸಾಮಾನ್ಯ ನೆಗಡಿ ತಾನಾಗಿಯೇ ಇಳಿಯುತ್ತದೆ. ಕಷಾಯ, ವಿಶ್ರಾಂತಿ ಅದಕ್ಕೆ ಜೊತೆ. ಆದರೆ ಹತ್ತು ದಿನ ಕಳೆದರೂ ಇಳಿಯದಿದ್ದರೆ, ಕಣ್ಣಿನ ಸುತ್ತ ಬಾವು, ತೀವ್ರ ಜ್ವರ, ತಡೆಯಲಾರದ ತಲೆನೋವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು, ವೈದ್ಯರಲ್ಲಿಗೆ ಹೋಗಬೇಕು. ಹಿರಿಯರು ಬಿಟ್ಟುಹೋದದ್ದನ್ನೆಲ್ಲ ಎಸೆಯುವುದೂ ಬೇಡ, ಎಲ್ಲವನ್ನೂ ಕಣ್ಣುಮುಚ್ಚಿ ಅಪ್ಪುವುದೂ ಬೇಡ. ಅಡಿಗೆಮನೆಯ ಉಪ್ಪು ಮತ್ತು ಕುದಿಸಿ ಆರಿಸಿದ ನೀರು, ಈ ಎರಡಕ್ಕೆ ಮಾತ್ರ ಮದ್ದಿನ ಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಕೊಡೋಣ.