ದೀಪದ ಬೆಳಕಿನ ವಜ್ರ

ಆಸ್ಟ್ರಿಯದ ಆರ್ಚ್‌ಡ್ಯೂಕ್ ಮ್ಯಾಕ್ಸಿಮಿಲಿಯನ್ 1477ರಲ್ಲಿ ಬರ್ಗಂಡಿಯ ಮೇರಿಯನ್ನು ವರಿಸುವಾಗ ವಾಗ್ದಾನದ ಕುರುಹಾಗಿ ವಜ್ರದುಂಗುರವನ್ನಿತ್ತನೆಂಬುದು ಯುರೋಪಿನಲ್ಲಿ ಪ್ರಸಿದ್ಧವಾದ ಸಂಗತಿ. ಅಂದಿನ ಅರಮನೆಗಳಲ್ಲಿ ಮೆರೆದ ವಜ್ರಗಳಾದರೋ ಬಹುಮಟ್ಟಿಗೆ ಭರತಖಂಡದ ಮಣ್ಣಿನಿಂದ ಹೋದವು. ಮುಂದಿನ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್, ವಜ್ರದ ಗಣಿಯಲ್ಲಿ 20 ಮಂಗೆಲಿನ್ ತೂಕವನ್ನು ಮೀರಿದ ಹರಳು ದೊರೆತರೆ ಅದನ್ನು ಅರಸನಿಗೇ ಒಪ್ಪಿಸಬೇಕೆಂಬ ಕಟ್ಟಳೆಯಿದ್ದುದನ್ನು ಬರೆದಿಟ್ಟಿರುವನು.

ವಜ್ರವನ್ನು ವಜ್ರದ ಪುಡಿಯಿಂದಲ್ಲದೆ ಸಾಣೆ ಹಿಡಿಯಲಾಗದು. ಆದಕಾರಣ ಆದಿಯಲ್ಲಿ, ಪ್ರಕೃತಿಯೇ ಕೊಟ್ಟ ಎಂಟು ಮುಖಗಳ ಆಕಾರವನ್ನು ಒಂದಿಷ್ಟು ಉಜ್ಜಿ, ತುದಿ ಮೇಲಾಗುವಂತೆ ಕೂರಿಸುತ್ತಿದ್ದರು. ತರುವಾಯ ಆ ತುದಿಯನ್ನೇ ಸವೆಸಿ ನೆತ್ತಿಯಲ್ಲಿ ಸಮತಲವೊಂದನ್ನು ತೆಗೆದರು. ಅಂಥ ಹರಳು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸದು. ಆ ಕಾಲದ ಭಾವಚಿತ್ರಗಳಲ್ಲಿ ವಜ್ರವು ಕಪ್ಪಾಗಿ ಕಾಣುವುದು ಚಿತ್ರಕಾರನ ಪ್ರಮಾದವಲ್ಲ. ಆಮೇಲೆ ಬಂದ ಗುಲಾಬಿ ಕಟ್ಟಿನ ಹರಳಿಗೆ ಚಪ್ಪಟೆಯಾದ ಬುಡ, ಗುಮ್ಮಟದಂತೆ ಮೇಲೆದ್ದ ಮೈಯಲ್ಲಿ ತ್ರಿಕೋನದ ಮುಖಗಳು. ಅದರ ಕಾಂತಿಯನ್ನು ಹೆಚ್ಚಿಸಲು ಅಡಿಯಲ್ಲಿ ತಗಡನ್ನಿಟ್ಟು ಮುಚ್ಚುತ್ತಿದ್ದರು.

ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲಿನ ಗಣಿಗಳು ತೆರೆದು ಹರಳುಗಳು ಧಾರಾಳವಾಗಿ ಬರತೊಡಗಿದಾಗ, ಇಂದು ಓಲ್ಡ್ ಮೈನ್ ಎಂದು ಕರೆಯಲ್ಪಡುವ ಕಟ್ಟು ಪ್ರಬಲವಾಯಿತು. ನನ್ನ ದೃಷ್ಟಿಯಲ್ಲಿ ಪ್ರಾಚೀನ ಕುಶಲತೆಯ ಪರಮಾವಧಿ ಇದೇ. ಮೂಲೆಗಳು ಮೃದುವಾಗಿ ಬಾಗಿದ ಚೌಕಾಕಾರ, ಎತ್ತರವಾದ ನೆತ್ತಿ, ಕಿರಿದಾದ ಸಮತಲ, ಆಳವಾದ ಬುಡ, ಆ ಬುಡದ ಕೊನೆಯಲ್ಲಿಯೂ ಒಂದು ಸಣ್ಣ ಮುಖ: ಕಚ್ಚಾ ಹರಳಿನ ತೂಕ ವ್ಯರ್ಥವಾಗಬಾರದೆಂಬ ಎಚ್ಚರದಿಂದ, ಕೇವಲ ಕಣ್ಣಳತೆಯನ್ನು ನಂಬಿ, ಸಾಣೆಗಾರನು ರೂಪಿಸಿದ ಈ ಹರಳು ಮೇಣದ ಬತ್ತಿಯ ಚಂಚಲವಾದ ಬೆಳಕಿನಲ್ಲಿ ಅಗಲವಾದ ವರ್ಣಜ್ವಾಲೆಗಳನ್ನು ಚೆಲ್ಲುವುದು. ಒಂದು ಹರಳು ಇನ್ನೊಂದರಂತಿರದು. ಆ ಅಸಮತೆಯಲ್ಲಿಯೇ ಮಾಡಿದವನ ಕೈ ಕಾಣುತ್ತದೆ.

1867ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವಜ್ರ ದೊರೆಯಿತು. 1871ರಿಂದ ಕಿಂಬರ್ಲಿಯ ಗಣಿ ಪ್ರಸಿದ್ಧವಾಯಿತು. ಬಾಸ್ಟನ್ನಿನ ಹೆನ್ರಿ ಮೋರ್ಸನ ಕಾರ್ಖಾನೆಯಲ್ಲಿ ಯಂತ್ರದ ನೆರವಿನಿಂದ ಹರಳುಗಳು ದುಂಡಗಾದವು. 1886ರಲ್ಲಿ ಆಭರಣ ವ್ಯಾಪಾರಿಗಳಾದ ಟಿಫನಿಯವರು ಆರು ಕಾಲುಗಳ ಮೇಲೆ ಹರಳನ್ನೆತ್ತಿ ನಿಲ್ಲಿಸಿ, ಬೆಳಕು ಎಲ್ಲ ಕಡೆಯಿಂದಲೂ ಹೊಗುವಂತೆ ಮಾಡಿದರು. ಪ್ಲಾಟಿನಮ್ ಕೈವಶವಾದ ಮೇಲೆ ಕಸೂತಿಯಷ್ಟು ನವುರಾದ ಜಾಲರಿಯ ಉಂಗುರಗಳು ಬಂದವು. 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ಮುಖಗಳ ಕೋನಗಳನ್ನು ಗಣಿತದಿಂದ ನಿರ್ಣಯಿಸಿದನು. ಶ್ವೇತಪ್ರಭೆ ಹೆಚ್ಚಿತು, ವಿದ್ಯುದ್ದೀಪದ ಯುಗಕ್ಕೆ ಅದು ಒಪ್ಪಿತು. ಕಣ್ಣಳತೆಯ ಕಲೆ ಮಾತ್ರ ಹಿಂದೆ ಸರಿಯಿತು. ನಿಶ್ಚಿತಾರ್ಥಕ್ಕೆ ವಜ್ರವೇ ಬೇಕೆಂಬ ನಂಬಿಕೆ ಜನಸಾಮಾನ್ಯರಲ್ಲಿ ಬೇರೂರಿದುದಾದರೋ ಈಚಿನ ಮಾತು. ಡಿ ಬಿಯರ್ಸ್ ಕಂಪನಿಗಾಗಿ ವಜ್ರದ ಶಾಶ್ವತತೆಯನ್ನು ಸಾರುವ ಘೋಷವಾಕ್ಯ ರಚಿತವಾದುದು 1947ರಲ್ಲಿ. ಅದಕ್ಕೂ ಬಹಳ ಮೊದಲು ವಿಕ್ಟೋರಿಯ ರಾಣಿಗೆ ಆಲ್ಬರ್ಟನು ನಿಶ್ಚಿತಾರ್ಥಕ್ಕೆಂದು ಕೊಟ್ಟಿದ್ದುದು ಪಚ್ಚೆ ಕೂರಿಸಿದ ಸರ್ಪಾಕೃತಿಯ ಉಂಗುರ.

ಇಂದು ಹಳೆಯ ಮಾದರಿಯ ಉಂಗುರವನ್ನು ಅರಸುವವರು ಜಾಲರಿಯ ಚೆಲುವಿಗೆ ಮಾರುಹೋಗಿ ಹರಳನ್ನು ಮರೆಯುವುದುಂಟು. ನೂರು ವರ್ಷ ಹಿಂದಿನ ವಿನ್ಯಾಸದ ನಡುವೆ ಇಂದಿನ ಗಣಿತದ ಹರಳನ್ನು ಕೂರಿಸಿದರೆ ಎರಡೂ ತಮ್ಮ ಧರ್ಮವನ್ನು ಕಳೆದುಕೊಳ್ಳುವುವು. ಆದುದರಿಂದ ಮೊದಲು ಹರಳನ್ನು ನೋಡಬೇಕು: ನೆತ್ತಿಯ ಮೂಲಕ ಇಣುಕಿದಾಗ ನಡುವೆ ಚಿಕ್ಕದೊಂದು ವೃತ್ತ ಕಂಡರೆ ಅದು ಹಳೆಯ ಕಟ್ಟಿನ ಲಕ್ಷಣ. ಆದರೆ ಹಳೆಯ ಕಟ್ಟನ್ನು ಹೊಸದಾಗಿಯೂ ಕೊರೆಯುವರಾದ್ದರಿಂದ, ಈ ಲಕ್ಷಣವೊಂದರಿಂದಲೇ ಹರಳಿನ ವಯಸ್ಸನ್ನು ನಿರ್ಧರಿಸಬಾರದು. ಅಂಗಡಿಯ ಪ್ರಖರವಾದ ದೀಪದಿಂದ ಈಚೆಗೆ ತಂದು ಮಂದವಾದ ಬೆಳಕಿನಲ್ಲಿಯೂ ಅದನ್ನು ಪರೀಕ್ಷಿಸತಕ್ಕದ್ದು. ಹೊಳಪು ಹೆಚ್ಚಿಸುವ ಆಸೆಯಿಂದ ಎಷ್ಟೋ ಹಳೆಯ ಹರಳುಗಳನ್ನು ಮರಳಿ ಸಾಣೆಗೆ ಕೊಟ್ಟು, ತೂಕವನ್ನೂ ರೂಪವನ್ನೂ ಕಳೆದಿರುವರು. ನಿಜವಾಗಿಯೂ ಹಳೆಯದಾದ ಹರಳನ್ನು ಪಡೆದವರು ಅದಕ್ಕೆ ಕೈಹಚ್ಚದೆ, ಸವೆದ ಕಾಲುಗಳನ್ನಷ್ಟೇ ಅಕ್ಕಸಾಲಿಗನಿಂದ ಸರಿಪಡಿಸಿಕೊಳ್ಳಲಿ.